ಆರೋಗ್ಯ ವಿಮೆ ಮತ್ತು ಬದುಕಿನ ಕೊನೆಯ ದಿನಗಳು: ಪಾಲಿಸಿಯಲ್ಲಿ ಏನಿದೆ, ಏನಿಲ್ಲ



2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡ 18ರ ಜಿಎಸ್‌ಟಿ ಸಂಪೂರ್ಣವಾಗಿ ರದ್ದಾಗಿದೆ. ಅದಕ್ಕೂ ಮೊದಲು, 2024ರ ಏಪ್ರಿಲ್‌ನಿಂದ, 65 ವರ್ಷ ದಾಟಿದವರಿಗೆ ಹೊಸ ಪಾಲಿಸಿ ಕೊಡಲಾಗದೆಂದು ಹೇಳಲು ಕಂಪನಿಗಳಿಗಿದ್ದ ವಯೋಮಿತಿಯ ಆಸರೆಯೂ ತೆಗೆದುಹೋಯಿತು. 2025ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಹಿರಿಯ ನಾಗರಿಕರ ಕಂತನ್ನು ತನ್ನೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚು ಏರಿಸಕೂಡದೆಂದು ಕಂಪನಿಗಳಿಗೆ ಸೂಚಿಸಿತು. ಹೀಗೆ ಒಂದರ ಹಿಂದೊಂದು ಬಂದ ಈ ಕ್ರಮಗಳ ಫಲವಾಗಿ ನಮ್ಮ ಭಕ್ತ ಕುಟುಂಬಗಳಲ್ಲಿಯೂ ತಂದೆತಾಯಿಯರಿಗಾಗಿ ಪಾಲಿಸಿ ಕೊಳ್ಳುವವರು ಹೆಚ್ಚುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಎಪ್ಪತ್ತು, ಎಂಬತ್ತು ದಾಟಿದ ಹಿರಿಯರಿಗಾಗಿ ವಿಮೆ ಮಾಡಿಸುವಾಗ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಕಾಯಿಲೆ ವಾಸಿಯಾಗುವುದಿಲ್ಲ ಎಂದು ವೈದ್ಯರೇ ಹೇಳಿದ ದಿನದಿಂದ ಮುಂದಕ್ಕೆ ಈ ಪಾಲಿಸಿ ಏನು ಮಾಡುತ್ತದೆ?

ಕೇಳದಿರುವುದಕ್ಕೆ ಕಾರಣ ಸ್ಪಷ್ಟ. ಹಿರಿಯರ ಎದುರಿನಲ್ಲಿ ಸಾವಿನ ಮಾತು ತೆಗೆಯುವುದು ನಮ್ಮಲ್ಲಿ ಅಶುಭವೆಂಬ ಭಾವನೆ. ಏಜೆಂಟರಿಗಂತೂ ಆ ಮಾತು ವ್ಯಾಪಾರಕ್ಕೆ ಒಗ್ಗದು. ಆದಕಾರಣ ವಿಷಯ ಗೊತ್ತಾಗುವುದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಮುಂದೆ, ಅಥವಾ ಕ್ಲೇಮು ತಿರಸ್ಕೃತವಾದ ಪತ್ರ ಮನೆಗೆ ಬಂದಾಗ. ಅಂಥ ಪತ್ರಗಳನ್ನು ಹಿಡಿದು ಶ್ರೀಮಠದ ಕಾರ್ಯಾಲಯಕ್ಕೆ ಬರುವವರು ಈಚೆಗೆ ಹೆಚ್ಚಾಗಿರುವುದರಿಂದ ಈ ಲೇಖನವನ್ನು ಬರೆಯುವುದು ಅಗತ್ಯವೆನಿಸಿತು.

ಪತ್ರಗಳಲ್ಲಿ ಬಹುಪಾಲು ಉಲ್ಲೇಖವಾಗುವುದು ಒಂದೇ ಷರತ್ತು. 2019ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು, ಎಲ್ಲ ಕಂಪನಿಗಳೂ ಯಾವ ಯಾವ ಖರ್ಚನ್ನು ಯಾವ ಮಾತುಗಳಲ್ಲಿ ಹೊರಗಿಡಬೇಕೆಂಬುದಕ್ಕೆ ಏಕರೂಪದ ಒಕ್ಕಣೆಯನ್ನು ರೂಪಿಸಿ, ಪ್ರತಿಯೊಂದಕ್ಕೂ ಒಂದು ಸಂಕೇತ ಸಂಖ್ಯೆ ಕೊಟ್ಟಿತು. ಅದರಲ್ಲಿ ಐದನೆಯದು ವಿಶ್ರಾಂತಿ, ಪುನಶ್ಚೇತನ ಮತ್ತು ಬಿಡುವಿನ ಆರೈಕೆಗೆ ಸಂಬಂಧಿಸಿದ್ದು. ಇದರ ಭಾವಾರ್ಥ ಇಷ್ಟು: ಚಿಕಿತ್ಸೆಗಾಗಿ ಅಲ್ಲದೆ ಮುಖ್ಯವಾಗಿ ವಿಶ್ರಾಂತಿಗಾಗಿ ದಾಖಲಾದರೆ ಹಣ ಸಿಗದು, ಸ್ನಾನ, ಬಟ್ಟೆ ತೊಡಿಸುವುದು, ನಡೆದಾಡಿಸುವುದು ಮುಂತಾದ ನಿತ್ಯಕರ್ಮಗಳಿಗೆ ನೆರವಾಗುವ ಆರೈಕೆಗೆ, ಅದು ಮನೆಯಲ್ಲಿರಲಿ ಶುಶ್ರೂಷಾ ಕೇಂದ್ರದಲ್ಲಿರಲಿ, ತರಬೇತಾದ ನರ್ಸ್ ಮಾಡಲಿ ಬೇರೆಯವರು ಮಾಡಲಿ, ಹಣ ಸಿಗದು, ಮರಣಾಸನ್ನ ರೋಗಿಗಳ ದೈಹಿಕ, ಸಾಮಾಜಿಕ, ಭಾವನಾತ್ಮಕ ಹಾಗೂ ಆಧ್ಯಾತ್ಮಿಕ ಅಗತ್ಯಗಳನ್ನು ಪೂರೈಸುವ ಯಾವುದೇ ಸೇವೆಗೂ ಹಣ ಸಿಗದು.

ಈ ಕೊನೆಯ ಅಂಶವನ್ನು ದಯವಿಟ್ಟು ಎರಡು ಸಲ ಓದಬೇಕು. ಉಪಶಾಮಕ ಆರೈಕೆ, ಅಂದರೆ ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ಕೇರ್ ಎಂದು ಕರೆಯುವುದು, ಎಂದರೇನೆಂದು ಯಾವ ವೈದ್ಯರನ್ನು ಕೇಳಿದರೂ ಅವರು ಕೊಡುವ ವಿವರಣೆ ಹೆಚ್ಚುಕಡಿಮೆ ಇದೇ ನಾಲ್ಕು ಪದಗಳಲ್ಲಿರುತ್ತದೆ: ದೇಹದ ನೋವು, ಸಾಮಾಜಿಕ ನೋವು, ಮನಸ್ಸಿನ ನೋವು, ಆಧ್ಯಾತ್ಮಿಕ ನೋವು. ಈ ನಾಲ್ಕನ್ನೂ ಒಟ್ಟಾಗಿ ನೋಡುವುದೇ ಆ ಶಾಸ್ತ್ರದ ಹೆಗ್ಗಳಿಕೆ. ವೈದ್ಯರು ತಮ್ಮ ಕರ್ತವ್ಯವೆಂದು ಬರೆದುಕೊಂಡಿರುವ ವಾಕ್ಯವನ್ನೇ ಎತ್ತಿಕೊಂಡು, ಅದರ ಮುಂದೆ ‘ಇಲ್ಲ’ ಎಂಬ ಒಂದು ಪದ ಸೇರಿಸಿದಂತಿದೆ ಈ ಷರತ್ತು. ಕನ್ನಡ ಎಂ.ಎ. ಓದಿದ ನನಗೆ ವಾಕ್ಯಗಳನ್ನು ಬಿಡಿಸಿ ನೋಡುವ ಅಭ್ಯಾಸವಿದೆ. ವಿಮೆಯ ದಾಖಲೆಗಳಲ್ಲಿ ಇಷ್ಟು ನಿಖರವಾದ ವಾಕ್ಯವನ್ನು ನಾನು ಬೇರೆ ಕಂಡಿಲ್ಲ.

ಉಪಶಾಮಕ ಆರೈಕೆಯ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಅದು ‘ಕೈಬಿಟ್ಟ ರೋಗಿಗೆ’ ಕೊಡುವ ಸಮಾಧಾನವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಕ್ಯಾನ್ಸರ್, ಹೃದಯ ವೈಫಲ್ಯ, ಮೂತ್ರಪಿಂಡ ವೈಫಲ್ಯ, ಶ್ವಾಸಕೋಶದ ದೀರ್ಘಕಾಲೀನ ಕಾಯಿಲೆ, ಮರೆಗುಳಿತನ ಇವುಗಳಲ್ಲಿ ರೋಗದ ಚಿಕಿತ್ಸೆ ನಡೆಯುತ್ತಿರುವಾಗಲೇ ಅದರ ಜೊತೆಜೊತೆಗೆ ನೋವು, ಉಬ್ಬಸ, ವಾಂತಿ, ನಿದ್ರಾಹೀನತೆ, ಭಯ ಇವುಗಳನ್ನು ಹತೋಟಿಗೆ ತರುವ ವೈದ್ಯಕೀಯ ವಿಭಾಗ ಅದು. ಅದಕ್ಕೆ ಬೇಕಾದ ಮುಖ್ಯ ಔಷಧ ಮಾರ್ಫಿನ್. ಮಾತ್ರೆಯ ಬೆಲೆ ತೀರಾ ಕಡಿಮೆ. 1985ರ ಮಾದಕವಸ್ತು ಕಾನೂನಿನ ಬಿಗಿಯಿಂದಾಗಿ ಅದು ದಶಕಗಳ ಕಾಲ ರೋಗಿಗಳ ಕೈಗೆ ಎಟುಕದೆ ಹೋಯಿತು. 2014ರಲ್ಲಿ ಸಂಸತ್ತು ಆ ಕಾನೂನಿಗೆ ತಿದ್ದುಪಡಿ ತಂದು, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಹಲವು ಲೈಸೆನ್ಸುಗಳ ಗೋಜಿಲ್ಲದೆ ಮಾರ್ಫಿನ್ ಇಟ್ಟುಕೊಳ್ಳಲು ದಾರಿ ಮಾಡಿಕೊಟ್ಟಿತು. ಅಂದರೆ ಕಾನೂನಿನ ಅಡ್ಡಿ ಬಹುಮಟ್ಟಿಗೆ ಸರಿದಿದೆ. ಹಣಕಾಸಿನ ವ್ಯವಸ್ಥೆ ಮಾತ್ರ ಇದ್ದಲ್ಲಿಯೇ ಇದೆ.

ಹಾಗಾದರೆ ಖಾಸಗಿ ಆರೋಗ್ಯ ವಿಮೆಯಿಂದ ಇಂಥ ರೋಗಿಗಳಿಗೆ ಏನೂ ಸಿಗುವುದಿಲ್ಲವೇ? ಹಾಗೆಂದರೆ ಅದೂ ಅತಿಶಯೋಕ್ತಿಯಾದೀತು. ರೋಗಿ ಆಸ್ಪತ್ರೆಗೆ ದಾಖಲಾಗಿ ಕನಿಷ್ಠ 24 ಗಂಟೆ ಒಳರೋಗಿಯಾಗಿದ್ದು ಚಿಕಿತ್ಸೆ ಪಡೆದರೆ, ಆ ಚಿಕಿತ್ಸೆಯಿಂದ ರೋಗ ಗುಣವಾಗುತ್ತದೆಯೋ ಇಲ್ಲವೋ ಎಂಬುದನ್ನು ಪಾಲಿಸಿ ಕೇಳುವುದಿಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದಾಗ ನೋವು ತಗ್ಗಿಸಲು ಕೊಡುವ ರೇಡಿಯೇಷನ್, ಹೊಟ್ಟೆಯಲ್ಲಿ ಅಥವಾ ಎದೆಗೂಡಿನಲ್ಲಿ ತುಂಬಿದ ನೀರನ್ನು ತೆಗೆಯುವುದು, ರಕ್ತ ಕೊಡುವುದು, ಸೋಂಕಿಗೆ ಇಂಜೆಕ್ಷನ್ ರೂಪದ ಔಷಧ, ತಡೆಯಲಾರದ ನೋವಿಗೆ ರಕ್ತನಾಳದ ಮೂಲಕ ಮಾರ್ಫಿನ್ ಕೊಟ್ಟು ಪ್ರಮಾಣವನ್ನು ಹೊಂದಿಸುವುದು ಇವೆಲ್ಲವೂ ಚಿಕಿತ್ಸೆಯೇ. ರೇಡಿಯೇಷನ್, ಕೀಮೋಥೆರಪಿಗಳಿಗೆ 24 ಗಂಟೆಯ ನಿಯಮವೂ ಅನ್ವಯಿಸದು. ಅವು ಡೇ ಕೇರ್ ಪಟ್ಟಿಯಲ್ಲಿವೆ. ಬಾಯಿಯ ಮೂಲಕ ತೆಗೆದುಕೊಳ್ಳುವ ಕೀಮೋಥೆರಪಿ, ಇಮ್ಯುನೋಥೆರಪಿ ಮುಂತಾದ ಆಧುನಿಕ ಚಿಕಿತ್ಸೆಗಳನ್ನೂ ಹೊರಗಿಡುವಂತಿಲ್ಲವೆಂದು ಪ್ರಾಧಿಕಾರ ಹೇಳಿದೆ. ಆದರೆ ಅವುಗಳಿಗೆ ಪಾಲಿಸಿಯ ಒಳಗೇ ಬೇರೊಂದು ಮಿತಿ ಇರಬಹುದು, ನೋಡಿಕೊಳ್ಳಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಲೇಮಿನ ಹಣೆಬರಹ ನಿರ್ಧಾರವಾಗುವುದು ಬಹಳ ಸಲ ಡಿಸ್ಚಾರ್ಜ್ ಸಮ್ಮರಿಯ ಮಾತುಗಳ ಮೇಲೆ. ಐದು ದಿನ ರೋಗಿಗೆ ನಡೆದದ್ದೆಲ್ಲವನ್ನೂ ‘ಉಪಶಾಮಕ ಆರೈಕೆಗಾಗಿ ದಾಖಲು’ ಎಂಬ ಒಂದೇ ಸಾಲಿನಲ್ಲಿ ಬರೆದರೆ, ಆ ಕಾಗದವನ್ನು ದೂರದ ಊರಿನಲ್ಲಿ ಕುಳಿತು ಪರಿಶೀಲಿಸುವವನು ಐದನೆಯ ಸಂಕೇತಕ್ಕೆ ಕೈಹಾಕುತ್ತಾನೆ. ಅದೇ ಐದು ದಿನಗಳಲ್ಲಿ ಯಾವ ಲಕ್ಷಣಕ್ಕೆ ಯಾವ ಔಷಧವನ್ನು ಯಾವ ಮಾರ್ಗದಿಂದ ಕೊಡಲಾಯಿತು, ಅದನ್ನು ಮನೆಯಲ್ಲಿ ಕೊಡಲು ಏಕೆ ಸಾಧ್ಯವಿರಲಿಲ್ಲ ಎಂಬುದು ದಾಖಲಾಗಿದ್ದರೆ ವಾದಕ್ಕೆ ಆಧಾರವಿರುತ್ತದೆ. ಇಲ್ಲದ್ದನ್ನು ಬರೆಸಿರೆಂದು ಹೇಳುತ್ತಿಲ್ಲ. ಅದು ಅಪರಾಧ, ಪಾಲಿಸಿಯೇ ರದ್ದಾದೀತು. ನಡೆದದ್ದನ್ನು ನಡೆದಂತೆ ವಿವರವಾಗಿ ಬರೆದುಕೊಡಿರೆಂದು ವೈದ್ಯರನ್ನು ವಿನಯದಿಂದ ಕೇಳುವ ಹಕ್ಕು ಮಾತ್ರ ಪ್ರತಿ ಕುಟುಂಬಕ್ಕೂ ಇದೆ.

ಎರಡನೆಯ ತೊಡಕು ‘ಆಸ್ಪತ್ರೆ’ ಎಂಬ ಪದದ ವ್ಯಾಖ್ಯೆಯಲ್ಲಿದೆ. ವಿಮೆಯ ಕಣ್ಣಿನಲ್ಲಿ ಆಸ್ಪತ್ರೆ ಎನಿಸಿಕೊಳ್ಳಬೇಕಾದರೆ ಹಗಲಿರುಳೂ ಅರ್ಹ ವೈದ್ಯರು ಮತ್ತು ದಾದಿಯರಿರಬೇಕು. 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಾದರೆ ಕನಿಷ್ಠ 10, ಅದಕ್ಕೂ ದೊಡ್ಡ ಊರಾದರೆ 15 ಹಾಸಿಗೆಗಳಿರಬೇಕು. ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿಯಿರಬೇಕು. ಮರಣಾಸನ್ನರ ಆರೈಕೆಗೆಂದೇ ಇರುವ ಹಾಸ್ಪೀಸ್‌ನಲ್ಲಿ ಆಪರೇಷನ್ ಥಿಯೇಟರಿಗೆ ಏನು ಕೆಲಸ? ಅದು ಇಲ್ಲದಿರುವುದೇ ಅಲ್ಲಿನ ಸ್ವಭಾವ. ಆದ್ದರಿಂದ ಹಾಸ್ಪೀಸ್ ಎಂಬುದು ಎರಡು ಬಾಗಿಲುಗಳಲ್ಲಿ ತಡೆಯಲ್ಪಡುತ್ತದೆ: ಅದು ಕೊಡುವ ಸೇವೆ ಹೊರಗಿಡಲ್ಪಟ್ಟ ಸೇವೆ, ಅದು ಇರುವ ಕಟ್ಟಡ ಆಸ್ಪತ್ರೆಯೇ ಅಲ್ಲ. ನಮ್ಮ ದೇಶದ ಹೆಸರಾಂತ ಹಾಸ್ಪೀಸ್‌ಗಳು ವಿಮೆಯನ್ನು ನಂಬಿ ಬೆಳೆದವಲ್ಲ. 1986ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾಂತಿ ಅವೇದನಾ ಸದನವಾಗಲಿ, ಬೆಂಗಳೂರಿನ ಕರುಣಾಶ್ರಯವಾಗಲಿ ದಾನಿಗಳ ನೆರವಿನಿಂದ ರೋಗಿಗಳಿಗೆ ಉಚಿತ ಸೇವೆ ನೀಡುತ್ತ ಬಂದಿವೆ. ಇದು ದಾಸೋಹದ ಪರಂಪರೆಯಲ್ಲಿ ಬೆಳೆದ ನಮಗೆ ಅರ್ಥವಾಗುವ ಮಾರ್ಗ. ಆದರೆ ಬೀದರಿನ ಅಥವಾ ಹಾವೇರಿಯ ಒಂದು ಹಳ್ಳಿಯಲ್ಲಿ ಮಲಗಿರುವ ರೋಗಿಗೆ ಬೆಂಗಳೂರಿನ ಹಾಸ್ಪೀಸ್ ಇದ್ದೂ ಇಲ್ಲದಂತೆಯೇ.

ನಮ್ಮಲ್ಲಿ ಹೆಚ್ಚಿನವರು ಕೊನೆಯ ದಿನಗಳನ್ನು ಕಳೆಯಬಯಸುವುದು ಮನೆಯಲ್ಲಿ. ಪಾಲಿಸಿ ಹೆಚ್ಚು ಕೈಕೊಡುವುದೂ ಅಲ್ಲಿಯೇ. ಬಹುತೇಕ ಪಾಲಿಸಿಗಳ ಹಿಂಬದಿಗೆ ಹಣ ಪಾವತಿಯಾಗದ ವಸ್ತುಗಳ ಉದ್ದನೆಯ ಪಟ್ಟಿಯೊಂದು ಅಂಟಿಕೊಂಡಿರುತ್ತದೆ. ಎಲ್ಲ ಬಗೆಯ ಡಯಾಪರ್, ಆಸ್ಪತ್ರೆಯ ಹೊರಗೆ ಬಳಸುವ ಆಕ್ಸಿಜನ್ ಸಿಲಿಂಡರ್, ಖಾಸಗಿಯಾಗಿ ನೇಮಿಸಿಕೊಂಡ ನರ್ಸ್‌ನ ಸಂಬಳ, ನಡೆದಾಡಲು ಬೇಕಾದ ಸಾಧನಗಳು ಆ ಪಟ್ಟಿಯಲ್ಲಿವೆ. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡ ಯಾವ ಸೊಸೆಯನ್ನೋ ಮಗಳನ್ನೋ ಕೇಳಿ ನೋಡಿ, ತಿಂಗಳ ಖರ್ಚು ಯಾವುದಕ್ಕೆ ಆಯಿತೆಂದು. ಅವರು ಹೇಳುವ ಪಟ್ಟಿಯೂ ಈ ಪಟ್ಟಿಯೂ ಬಹುಮಟ್ಟಿಗೆ ಒಂದೇ ಆಗಿರುತ್ತವೆ.

ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ನೋಡುವುದು ಒಳಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಆರೋಗ್ಯ ಸಂಜೀವಿನಿ’ ಎಂಬ ಪ್ರಮಾಣಿತ ಪಾಲಿಸಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಯಾವ ಕಂಪನಿಯಿಂದ ಕೊಂಡರೂ ಇದರ ಷರತ್ತುಗಳು ಒಂದೇ ಎಂಬ ಕಾರಣಕ್ಕೆ ಇದನ್ನು ಆರಿಸಿದ್ದೇನೆ. ಇದರಲ್ಲಿ ಕೋಣೆಯ ಬಾಡಿಗೆಗೆ ವಿಮಾ ಮೊತ್ತದ ಶೇಕಡ 2, ಗರಿಷ್ಠ ದಿನಕ್ಕೆ 5,000 ರೂಪಾಯಿ. ತೀವ್ರ ನಿಗಾ ಘಟಕಕ್ಕೆ ಶೇಕಡ 5, ಗರಿಷ್ಠ ದಿನಕ್ಕೆ 10,000 ರೂಪಾಯಿ. ಒಟ್ಟು ಕ್ಲೇಮಿನ ಶೇಕಡ 5ನ್ನು ಪಾಲಿಸಿದಾರರೇ ಭರಿಸಬೇಕು. 5 ಲಕ್ಷ ರೂಪಾಯಿಯ ಪಾಲಿಸಿಯಿರುವ ರೋಗಿಯೊಬ್ಬರು ಚೇತರಿಕೆಯ ಭರವಸೆಯಿಲ್ಲದೆ 10 ದಿನ ಐಸಿಯುನಲ್ಲಿದ್ದರೆಂದು ಇಟ್ಟುಕೊಳ್ಳಿ. ಹಾಸಿಗೆಯ ಬಾಬತ್ತಿಗೇ 1 ಲಕ್ಷ ರೂಪಾಯಿಯವರೆಗೆ ಲೆಕ್ಕಕ್ಕೆ ಬರುತ್ತದೆ. ವೈದ್ಯರ ಶುಲ್ಕ, ಪರೀಕ್ಷೆ, ಔಷಧ ಬೇರೆ. ಅದೇ ರೋಗಿ ಆ 10 ದಿನ ಮನೆಯಲ್ಲಿದ್ದು, ಒಬ್ಬ ನರ್ಸ್, ಒಂದು ಆಕ್ಸಿಜನ್ ಸಿಲಿಂಡರ್, ದಿನಕ್ಕೊಮ್ಮೆ ಬರುವ ವೈದ್ಯರು ಇವರ ನೆರವಿನಿಂದ ನೋವಿಲ್ಲದೆ ಲಿಂಗೈಕ್ಯರಾದರೆ, ಖರ್ಚು ಅದರ ಸಣ್ಣ ಅಂಶವಾಗಿದ್ದರೂ ಪಾಲಿಸಿಯಿಂದ ಬರುವುದು ಸಾಮಾನ್ಯವಾಗಿ ಸೊನ್ನೆ.

ಇದು ಹಣದ ಪ್ರಶ್ನೆಯಾಗಿ ನಿಲ್ಲುವುದಿಲ್ಲ. ಯಾವುದಕ್ಕೆ ಹಣ ಸಿಗುತ್ತದೆಯೋ ಆ ಕಡೆಗೆ ತೀರ್ಮಾನಗಳು ವಾಲುತ್ತವೆ. ‘ಇನ್ಶೂರೆನ್ಸ್ ಇದೆಯಲ್ಲ, ಇನ್ನೆರಡು ದಿನ ನೋಡೋಣ’ ಎಂಬ ಮಾತನ್ನು ನಾವೆಲ್ಲರೂ ಆಸ್ಪತ್ರೆಯ ಪಡಸಾಲೆಗಳಲ್ಲಿ ಕೇಳಿದ್ದೇವೆ. ಅದಕ್ಕೆ ಬಂಧುಬಳಗದ ಭಯವೂ ಸೇರುತ್ತದೆ. ಮನೆಗೆ ಕರೆದೊಯ್ದರೆ, ‘ದುಡ್ಡಿನ ಮುಖ ನೋಡಿ ತಂದೆಯನ್ನು ಕರೆದುಕೊಂಡು ಬಂದ’ ಎಂಬ ನಿಂದೆ ಮಗನ ತಲೆಗೆ ಬರುತ್ತದೆ. ವೆಂಟಿಲೇಟರಿಗೆ ವಿಮೆಯಿಂದ ಹಣ ಬರುತ್ತಿರುವಾಗ ಆ ನಿಂದೆ ಇನ್ನೂ ಹರಿತವಾಗುತ್ತದೆ. ಐಸಿಯು ಬಾಗಿಲಿನ ಆಚೆಗೋ, ರೋಗಿ ಒಬ್ಬರೇ. ದಿನಕ್ಕೆ ಕೆಲವೇ ನಿಮಿಷ, ಒಬ್ಬೊಬ್ಬರಿಗೇ ಪ್ರವೇಶ. ಎಷ್ಟೋ ಸಲ ಕೊರಳಿನ ಇಷ್ಟಲಿಂಗವನ್ನೂ ಒಡವೆಗಳ ಜೊತೆಗೆ ಪೊಟ್ಟಣ ಕಟ್ಟಿ ಮನೆಯವರ ಕೈಗೆ ಕೊಟ್ಟುಬಿಡುತ್ತಾರೆ. ಜೀವಮಾನವಿಡೀ ಲಿಂಗಪೂಜೆಯಿಲ್ಲದೆ ತುತ್ತು ಮುಟ್ಟದವರು ತಮ್ಮ ಕೊನೆಯ ದಿನಗಳನ್ನು ಅದರಿಂದ ಅಗಲಿ ಕಳೆಯುತ್ತಾರೆ. ಹಣೆಗೆ ವಿಭೂತಿ ಹಚ್ಚುವವರಿಲ್ಲ, ಕೈಹಿಡಿದು ಕುಳಿತುಕೊಳ್ಳುವವರಿಲ್ಲ. ಅಧಿಕಾರಿಗಳು ‘ಆಧ್ಯಾತ್ಮಿಕ ಅಗತ್ಯ’ ಎಂದು ಷರತ್ತಿನಲ್ಲಿ ಬರೆದದ್ದರ ಸ್ಥೂಲರೂಪ ಇದು. ಇದಕ್ಕೆ ವಿಮಾ ಕಂಪನಿಯಿಂದ ಹಣ ಬೇಕೆಂದು ಯಾವ ಭಕ್ತರೂ ಕೇಳಿಲ್ಲ. ಇದಕ್ಕೆ ಅವಕಾಶವಿರುವ ಜಾಗದಲ್ಲಿ, ಅಂದರೆ ಮನೆಯಲ್ಲಿಯೋ ಹಾಸ್ಪೀಸಿನಲ್ಲಿಯೋ, ನೋವಿನ ಔಷಧಕ್ಕೆ ಮತ್ತು ದಾದಿಗೆ ಹಣ ಕೊಡಿರೆಂಬುದಷ್ಟೇ ಕೇಳಿಕೆ.

ಮನೆಯಲ್ಲಿನ ಚಿಕಿತ್ಸೆಗೆ ಪಾಲಿಸಿಗಳಲ್ಲಿ ಎರಡು ಹೆಸರುಗಳಿವೆ, ಎರಡೂ ಆಸೆ ಹುಟ್ಟಿಸುತ್ತವೆ. ಒಂದು ‘ಡೊಮಿಸಿಲಿಯರಿ’ ಚಿಕಿತ್ಸೆ. ರೋಗಿಯನ್ನು ಆಸ್ಪತ್ರೆಗೆ ಸಾಗಿಸಲಾಗದ ಸ್ಥಿತಿಯಿದ್ದಾಗ, ಅಥವಾ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದಾಗ, ಆಸ್ಪತ್ರೆಯಲ್ಲಿ ಆಗಬೇಕಾದ ಚಿಕಿತ್ಸೆಯನ್ನು ಮನೆಯಲ್ಲಿ ಪಡೆದರೆ ಹಣ ಸಿಗುತ್ತದೆ. ಸಾಮಾನ್ಯವಾಗಿ ಮೂರು ದಿನಗಳಿಗೂ ಮೀರಿದ ಚಿಕಿತ್ಸೆಯಾಗಿರಬೇಕು. ಕೆಲವು ಕಾಯಿಲೆಗಳನ್ನು ಹೆಸರಿಸಿಯೇ ಹೊರಗಿಟ್ಟಿರುತ್ತಾರೆ. ಇನ್ನೊಂದು, ಕೋವಿಡ್ ಕಾಲದಲ್ಲಿ ಬಳಕೆಗೆ ಬಂದ ‘ಹೋಮ್ ಕೇರ್’ ಸೌಲಭ್ಯ. ವೈದ್ಯರ ಲಿಖಿತ ಸಲಹೆ, ಪ್ರತಿದಿನದ ನಿಗಾವಣೆಯ ದಾಖಲೆ, ಎಲ್ಲಕ್ಕಿಂತ ಮುಖ್ಯವಾಗಿ ‘ಸಕ್ರಿಯ ಚಿಕಿತ್ಸೆ’ ನಡೆಯುತ್ತಿರಬೇಕೆಂಬುದು ಅದರ ಷರತ್ತು. ಈ ‘ಸಕ್ರಿಯ’ ಎಂಬ ವಿಶೇಷಣದಲ್ಲಿಯೇ ಎಲ್ಲ ಅಡಗಿದೆ. ನೋವಿಗೆ ಮಾರ್ಫಿನ್ ಕೊಡುವುದು ಸಕ್ರಿಯವೋ ನಿಷ್ಕ್ರಿಯವೋ? ನೋವನ್ನು ಅನುಭವಿಸುತ್ತಿರುವವರನ್ನು ಕೇಳಿದರೆ ಉತ್ತರ ಒಂದೇ ಬಂದೀತು. ಕಂಪನಿಗಳು ಆ ಪದವನ್ನು ರೋಗವನ್ನು ಗುಣಪಡಿಸುವ ಯತ್ನವೆಂದೇ ಓದುವ ಸಂಭವ ಹೆಚ್ಚು.

ಕೈಗೆಟುಕುವ ದಾರಿಯೊಂದು ಇನ್ನೂ ಇದೆ, ಅದನ್ನು ಬಹಳ ಮಂದಿ ಬಳಸಿಕೊಳ್ಳುವುದಿಲ್ಲ. ಆಸ್ಪತ್ರೆಗೆ ದಾಖಲಾಗುವ ಮುಂಚಿನ ಮತ್ತು ಬಿಡುಗಡೆಯಾದ ನಂತರದ ಖರ್ಚಿಗೂ ಪಾಲಿಸಿಯಲ್ಲಿ ಅವಕಾಶವಿರುತ್ತದೆ. ಆರೋಗ್ಯ ಸಂಜೀವಿನಿಯಲ್ಲಿ ಅದು ಮುಂಚಿನ 30 ದಿನ, ನಂತರದ 60 ದಿನ. ಬೇರೆ ಪಾಲಿಸಿಗಳಲ್ಲಿ ಇನ್ನೂ ಹೆಚ್ಚಿರಬಹುದು. ದಾಖಲಾತಿಯ ಕ್ಲೇಮು ಅಂಗೀಕಾರವಾಗಿದ್ದು, ಖರ್ಚು ಅದೇ ಕಾಯಿಲೆಗೆ ಸಂಬಂಧಿಸಿದ್ದಾದರೆ, ಬಿಡುಗಡೆಯ ನಂತರ ವೈದ್ಯರು ಬರೆದುಕೊಟ್ಟ ನೋವಿನ ಔಷಧ, ಪರೀಕ್ಷೆ, ಹೊರರೋಗಿ ಭೇಟಿಯ ಶುಲ್ಕಗಳ ರಸೀದಿಗಳನ್ನು ಸಲ್ಲಿಸಬಹುದು. ತಂದೆಯೋ ತಾಯಿಯೋ ತೀರಿಕೊಂಡ ದುಃಖದಲ್ಲಿ ಔಷಧದಂಗಡಿಯ ಚೀಟಿಗಳನ್ನು ಯಾರು ಜೋಡಿಸಿಟ್ಟಾರು? ಆದರೂ ಮನೆಯಲ್ಲಿ ಒಬ್ಬರಿಗೆ ಆ ಕೆಲಸ ವಹಿಸಿಬಿಡುವುದು ಒಳ್ಳೆಯದು. ಆಸ್ಪತ್ರೆಯಿಂದ ಹೊರಡುವಾಗ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂಬ ಕಾಗದಕ್ಕೆ ಸಹಿ ಹಾಕಿ ಬರುವ ರೂಢಿ ನಮ್ಮಲ್ಲಿ ಬಹಳ. ಹಾಗೆ ಬಂದರೆ ಕ್ಲೇಮಿನ ಬಗ್ಗೆ ಪ್ರಶ್ನೆಗಳೇಳಬಹುದು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಔಷಧದ ಚೀಟಿ, ನೋವಿನ ಮಾತ್ರೆ, ಮುಂದೆ ಏನು ಮಾಡಬೇಕೆಂಬ ತಿಳಿವಳಿಕೆ ಯಾವುದೂ ಇಲ್ಲದೆ ರೋಗಿ ಮನೆ ಸೇರುವುದು. ವಿಷಯವನ್ನು ವೈದ್ಯರೊಡನೆ ಬಿಚ್ಚಿ ಮಾತನಾಡಿ, ಅವರ ಸಮ್ಮತಿಯಿಂದಲೇ, ಔಷಧಗಳ ಸಮೇತ ಬಿಡುಗಡೆ ಪಡೆಯಬೇಕು.

ಈ ಹಿನ್ನೆಲೆಯಲ್ಲಿ ನಮ್ಮ ರಾಜ್ಯದ ಒಂದು ಬೆಳವಣಿಗೆಯನ್ನು ಗಮನಿಸಬೇಕು. ಘನತೆಯಿಂದ ಸಾಯುವುದೂ ಸಂವಿಧಾನದತ್ತ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ತೀರ್ಪಿತ್ತು, 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಇದರನ್ವಯ ಸ್ವಸ್ಥಚಿತ್ತರಾದ ವಯಸ್ಕರು, ತಮಗೆ ಮಾತನಾಡಲಾಗದ ಸ್ಥಿತಿ ಬಂದಾಗ ಜೀವರಕ್ಷಕ ಯಂತ್ರಗಳನ್ನು ಬಳಸಬೇಕೇ ಬೇಡವೇ ಎಂಬುದನ್ನು ಮುಂಚಿತವಾಗಿ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಆ ಸ್ಥಿತಿ ಬಂದಾಗ ಆಸ್ಪತ್ರೆಯ ಪ್ರಾಥಮಿಕ ವೈದ್ಯಮಂಡಳಿ ಮತ್ತು ಎರಡನೆಯ ವೈದ್ಯಮಂಡಳಿ ಪರಿಶೀಲಿಸಿ ಒಪ್ಪಿದ ಮೇಲೆ, ಮ್ಯಾಜಿಸ್ಟ್ರೇಟರಿಗೆ ತಿಳಿಸಿ, ಚಿಕಿತ್ಸೆಯನ್ನು ಹಿಂತೆಗೆಯಬಹುದು. ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು ಈ ಹಕ್ಕಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಏಕಾಂಗಿಯಾಗಿ ಹೋರಾಡಿದ್ದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು.

ಇದು ಯಾರಿಗೂ ಮರಣವನ್ನು ಕೊಡುವ ಕಾನೂನಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. ಯಂತ್ರದಿಂದ ಎಳೆದಾಡುವುದನ್ನು ನಿಲ್ಲಿಸಿ, ಸಾವು ತನ್ನ ಗತಿಯಲ್ಲಿ ಬರಲು ಬಿಡುವುದಷ್ಟೇ ಇದರ ವ್ಯಾಪ್ತಿ. ಹಾಗೆ ಯಂತ್ರ ತೆಗೆದ ಮೇಲೆ ರೋಗಿ ಗಂಟೆಗಳ ಕಾಲವೋ ದಿನಗಳ ಕಾಲವೋ ಬದುಕಿರಬಹುದು. ಆ ಅವಧಿಯಲ್ಲಿ ಅವರಿಗೆ ಬೇಕಾದದ್ದು ಉಪಶಾಮಕ ಆರೈಕೆ. ರಾಜ್ಯ ಒಂದು ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಹೊರಬಂದವರು ಕಾಲಿಡುವ ಜಾಗ ಪಾಲಿಸಿಯ ಪ್ರಕಾರ ಐದನೆಯ ಸಂಕೇತದ ವ್ಯಾಪ್ತಿಗೆ ಸೇರಿದ್ದು. ವೆಂಟಿಲೇಟರ್ ಇದ್ದಾಗ ‘ಚಿಕಿತ್ಸೆ’, ತೆಗೆದ ಮರುಗಳಿಗೆಯಿಂದ ‘ಮರಣಾಸನ್ನರ ಸೇವೆ’ ಎಂದು ಓದಲು ಆ ಒಕ್ಕಣೆಯಲ್ಲಿ ಅವಕಾಶವಿದೆ. ಹಕ್ಕು ಕೊಟ್ಟವರು ಮತ್ತು ಹಣದ ನಿಯಮ ಬರೆದವರು ಒಬ್ಬರ ಕಾಗದವನ್ನು ಒಬ್ಬರು ಓದಿಲ್ಲ ಎಂದೇ ಹೇಳಬೇಕಾಗುತ್ತದೆ.

ಸರ್ಕಾರದ ಮತ್ತು ಸಹಕಾರ ಕ್ಷೇತ್ರದ ಯೋಜನೆಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ನಮ್ಮ ಭಕ್ತರಲ್ಲಿ ಅನೇಕರು ಸದಸ್ಯರಾಗಿರುವ ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳನ್ನು ಆಧರಿಸಿ ಹುಟ್ಟಿದ ಯೋಜನೆಯಾದ್ದರಿಂದ ಈ ವಿಷಯದಲ್ಲಿ ಅದರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ.

ಖಾಸಗಿ ವಿಮೆಯಲ್ಲಿಯೇ ಇನ್ನೆರಡು ಜಾಗಗಳನ್ನು ಹುಡುಕಬಹುದು. ‘ಕ್ರಿಟಿಕಲ್ ಇಲ್‌ನೆಸ್’ ಪಾಲಿಸಿಯಿದ್ದರೆ, ನಿಗದಿತ ತೀವ್ರತೆಯ ಕ್ಯಾನ್ಸರ್, ಮೂತ್ರಪಿಂಡ ವೈಫಲ್ಯ ಮುಂತಾದವು ಪತ್ತೆಯಾದೊಡನೆ ಒಂದು ಇಡಿಗಂಟು ಬರುತ್ತದೆ. ಅದನ್ನು ಯಾವುದಕ್ಕೆ ಖರ್ಚು ಮಾಡಿದಿರೆಂದು ಯಾರೂ ಕೇಳುವುದಿಲ್ಲ. ದಾದಿಗೆ ಕೊಡಿ, ಆಕ್ಸಿಜನ್ ತರಿಸಿ, ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮಗಳ ಸಂಸಾರಕ್ಕೆ ಕೊಡಿ. ಮನೆಯ ಆರೈಕೆಗೆ ನಿಜವಾಗಿ ಒದಗುವ ಖಾಸಗಿ ವಿಮೆ ಇದೊಂದೇ ಎಂಬುದು ನನ್ನ ಅಭಿಪ್ರಾಯ. ಆದರೆ ರೋಗ ಪತ್ತೆಯಾದ ಮೇಲೆ ಸಾಮಾನ್ಯವಾಗಿ 30 ದಿನ ರೋಗಿ ಬದುಕಿರಬೇಕೆಂಬ ಷರತ್ತಿರುತ್ತದೆ, ಮತ್ತು ಇದನ್ನು ಆರೋಗ್ಯವಾಗಿರುವಾಗ, ಬಹಳ ಮುಂಚೆಯೇ ಕೊಂಡಿರಬೇಕು. ಇನ್ನೊಂದು ಜಾಗ ಜೀವವಿಮೆಯದು. ಕೆಲವು ಟರ್ಮ್ ಪಾಲಿಸಿಗಳಲ್ಲಿ, ರೋಗಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಬದುಕಲಾರರೆಂದು ತಜ್ಞವೈದ್ಯರು ಪ್ರಮಾಣೀಕರಿಸಿದರೆ, ಮರಣಾನಂತರ ಬರಬೇಕಾದ ಮೊತ್ತವನ್ನು ಪೂರ್ತಿಯಾಗಿಯೋ ಭಾಗಶಃವೋ ಮೊದಲೇ ಕೊಡುವ ಸೌಲಭ್ಯವಿದೆ. ಈಗ ಪಡೆದದ್ದು ಮುಂದೆ ಕುಟುಂಬಕ್ಕೆ ಬರುವುದರಲ್ಲಿ ಕಡಿತವಾಗುತ್ತದೆ. ಅದನ್ನು ಮನೆಯವರು ಕುಳಿತು ತೀರ್ಮಾನಿಸಬೇಕು. ಪೆಟ್ಟಿಗೆಯಲ್ಲಿರುವ ಹಳೆಯ ಪಾಲಿಸಿಗಳನ್ನು ತೆಗೆದು ಈ ಒಂದು ಷರತ್ತಿಗಾಗಿ ಓದಿ ನೋಡಿದರೆ ನಷ್ಟವಿಲ್ಲ.

ಇದನ್ನು ಬದಲಾಯಿಸಲು ಸಾಧ್ಯವಿಲ್ಲವೇ? ಪ್ರಾಧಿಕಾರ ರೂಪಿಸಿದ್ದು ಹೊರಗಿಡುವುದಾದರೆ ಬಳಸಬೇಕಾದ ಒಕ್ಕಣೆಯನ್ನು. ಕಂಪನಿಯೊಂದು ಈ ಸೇವೆಯನ್ನು ಒಳಗೆ ಸೇರಿಸಿಕೊಳ್ಳಲು ಮುಂದಾದರೆ ಅಡ್ಡಿಯಿರಬಾರದು. ಇಂಥ ಸೇವೆಯ ವೆಚ್ಚವನ್ನು ಲೆಕ್ಕಹಾಕಲಾಗದು ಎಂಬ ವಾದವೂ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಹಿರಿಯರಿಗಾಗಿರುವ ಮೆಡಿಕೇರ್ ಎಂಬ ಸರ್ಕಾರಿ ವಿಮೆಯು, ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿಲ್ಲದವರಿಗೆ ಮನೆಯಲ್ಲಿಯೇ ಹಾಸ್ಪೀಸ್ ಸೇವೆ ಒದಗಿಸುವ ವ್ಯವಸ್ಥೆಯನ್ನು 1980ರ ದಶಕದಿಂದ ನಡೆಸುತ್ತಿದೆ. ಅಲ್ಲಿ ನೆಲೆಸಿರುವ ನಮ್ಮ ಭಕ್ತರಿಗೆ ಇದು ಪರಿಚಿತ. ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಕೇರಳ 2008ರಲ್ಲಿಯೇ ಉಪಶಾಮಕ ಆರೈಕೆಗೆ ರಾಜ್ಯನೀತಿ ರೂಪಿಸಿ, ಗ್ರಾಮ ಪಂಚಾಯಿತಿಗಳ ಮೂಲಕ ದಾದಿಯರು ಮನೆಮನೆಗೆ ಹೋಗುವ ಏರ್ಪಾಡು ಮಾಡಿಕೊಂಡಿತು. ಅದು ವಿಮೆಯ ಮಾರ್ಗವಲ್ಲ, ಸಮುದಾಯದ ಮಾರ್ಗ. ಕಲ್ಲಿಕೋಟೆಯಲ್ಲಿ 1993ರಲ್ಲಿ ಆರಂಭವಾದ ಒಂದು ಪುಟ್ಟ ನೋವು ಚಿಕಿತ್ಸಾಲಯ ಮತ್ತು ಅದರ ಸುತ್ತ ಸೇರಿದ ಸ್ವಯಂಸೇವಕರಿಂದ ಬೆಳೆದದ್ದು. ಆಸ್ಪತ್ರೆ, ನರ್ಸಿಂಗ್ ಕಾಲೇಜುಗಳನ್ನು ನಡೆಸುತ್ತಿರುವ ನಾಡಿನ ಮಠಗಳು ಇಂಥದ್ದನ್ನು ಯೋಚಿಸಬಹುದೆಂದು ಒಬ್ಬ ಕಾರ್ಯದರ್ಶಿಯಾಗಿ ಅಲ್ಲದಿದ್ದರೂ ಒಬ್ಬ ಭಕ್ತನಾಗಿ ನನಗೆ ಅನ್ನಿಸುತ್ತದೆ.

ಬದಲಾವಣೆ ಬರುವವರೆಗೆ ಇರುವ ಹಕ್ಕುಗಳನ್ನಾದರೂ ಬಳಸಿಕೊಳ್ಳಬೇಕು. ಹೊಸ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ಪಾಲಿಸಿಯ ಸಾರಾಂಶವಿರುವ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿಯೇ ಕೊಡಿರೆಂದು ಕೇಳಬಹುದು. ಸ್ಥಳೀಯ ಭಾಷೆಯಲ್ಲಿ ಕೇಳಿದರೆ ಕೊಡಬೇಕೆಂದು ನಿಯಮವೇ ಇದೆ, ಕೇಳುವವರು ಮಾತ್ರ ಕಡಿಮೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಗರಿಷ್ಠ 3 ವರ್ಷ. 5 ವರ್ಷ ಸತತವಾಗಿ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿರೆಂದು ಕ್ಲೇಮು ನಿರಾಕರಿಸುವಂತಿಲ್ಲ. 2024ರ ಮೇ 29ರ ಪ್ರಾಧಿಕಾರದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಬಿಡುಗಡೆಯ ಕೋರಿಕೆಗೆ 3 ಗಂಟೆಯೊಳಗೆ ತೀರ್ಮಾನ ತಿಳಿಸಬೇಕು. ರೋಗಿ ಚಿಕಿತ್ಸೆಯ ನಡುವೆ ತೀರಿಕೊಂಡರೆ, ವಿಮಾ ಕಂಪನಿಯು ಕ್ಲೇಮನ್ನು ತಕ್ಷಣ ಪರಿಶೀಲಿಸಿ ಪಾರ್ಥಿವ ಶರೀರವನ್ನು ಆಸ್ಪತ್ರೆಯಿಂದ ಕೂಡಲೇ ಬಿಡಿಸಿಕೊಡಬೇಕು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಬಿಲ್ಲು ಇತ್ಯರ್ಥವಾಗಿಲ್ಲವೆಂದು ಶರೀರವನ್ನು ತಡೆಹಿಡಿದು, ಊರಿನಲ್ಲಿ ಸಮಾಧಿ ಸಿದ್ಧಮಾಡಿಕೊಂಡು ಬಂಧುಗಳು ಕಾಯುವ ಸಂಕಟ ಯಾರಿಗೂ ಬೇಡ.

ಕ್ಲೇಮು ತಿರಸ್ಕೃತವಾದರೆ, ಯಾವ ಷರತ್ತಿನ ಪ್ರಕಾರವೆಂದು ಬರವಣಿಗೆಯಲ್ಲಿ ಪಡೆಯಿರಿ. ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಈಗ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು. 50 ಲಕ್ಷ ರೂಪಾಯಿವರೆಗಿನ ತಕರಾರುಗಳನ್ನು ಅವರು ವಿಚಾರಿಸುತ್ತಾರೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಅವರ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು. ಪಾಲಿಸಿಯ ಪ್ರತಿ, ಡಿಸ್ಚಾರ್ಜ್ ಸಮ್ಮರಿ, ತಿರಸ್ಕಾರದ ಪತ್ರ, ಕಂಪನಿಗೆ ಕೊಟ್ಟ ದೂರಿನ ನಕಲು ಈ ನಾಲ್ಕು ಕಾಗದಗಳನ್ನು ಲಗತ್ತಿಸಿದರೆ ಸಾಕಾಗುತ್ತದೆ. ಅರ್ಜಿ ಬರೆಯಲು ತೊಡಕಾಗುವವರು ಆ ಕಾಗದಗಳೊಂದಿಗೆ ಶ್ರೀಮಠದ ಕಾರ್ಯಾಲಯಕ್ಕೆ ಬಂದರೆ ಬರೆದುಕೊಡಲಾಗುವುದು.